97 ಡಿಗ್ರಿಗೆ ನೀರು ಕುದಿಯುವ ಊರಿನಲ್ಲಿ ಮನೆಯ ಬಿಸಿ ನೋಡಿಕೊಳ್ಳುವುದು ಹೇಗೆ

ಮೈಸೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ಶಾಲೆಯಲ್ಲಿ ನಾವೆಲ್ಲ ನೂರು ಅಂತಲೇ ಬಾಯಿಪಾಠ ಮಾಡಿದ್ದು. ಆದರೆ ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ನಮ್ಮೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಮೇಲಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಮರಳುತ್ತದೆ. 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಇಲ್ಲಿ 97, ಹೆಚ್ಚೆಂದರೆ ತೊಂಬತ್ತೇಳೂವರೆ ಡಿಗ್ರಿಗೇ ಎಸರು ಕೊತಕೊತ ಅನ್ನುತ್ತದೆ. ಮಂಡ್ಯದಲ್ಲೂ ಹೆಚ್ಚುಕಡಿಮೆ ಇಷ್ಟೇ. ಚಾಮುಂಡಿ ಬೆಟ್ಟದ ಮೇಲೆ ಒಲೆ ಹಚ್ಚಿದರೆ ಇನ್ನೊಂದು ಡಿಗ್ರಿ ಕಡಿಮೆ.

ನಮ್ಮ ಪಕ್ಕದ ಮನೆಯ ಹುಡುಗಿ ಅಡುಗೆಗೆ ಅಂತ ಕಡ್ಡಿಯ ಥರ್ಮಾಮೀಟರ್ ತರಿಸಿದ್ದಳು. ಕುದಿಯುವ ನೀರಿಗೆ ಅದ್ದಿದರೆ 97 ತೋರಿಸಿತು. "ಆಂಟಿ, ಇದು ಕೆಟ್ಟಿದೆ, ವಾಪಸ್ ಕಳಿಸ್ತೀನಿ" ಅಂತ ತಂದು ತೋರಿಸಿದಳು. ಒಂದು ಲೋಟಕ್ಕೆ ಐಸ್ ಪುಡಿ ಮಾಡಿ ಹಾಕಿ, ಮುಳುಗುವಷ್ಟು ನೀರು ಹುಯ್ದು, ಅದರಲ್ಲಿ ಅದ್ದಿಸಿದೆ. ಸೊನ್ನೆಗೆ ಬಂದು ನಿಂತಿತು. ಥರ್ಮಾಮೀಟರ್ ಚೆನ್ನಾಗಿಯೇ ಇತ್ತು. ನೀವೂ ಹೊಸದು ತಂದರೆ ಮೊದಲು ಹೀಗೆ ಐಸಿನಲ್ಲಿ ನೋಡಿ, ಆಮೇಲೆ ಕುದಿಯುವ ನೀರಿನಲ್ಲಿ ನೋಡಿ, ಎರಡನ್ನೂ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಈಗ ಎಲ್ಲರೂ ಫೋನ್ ನೋಡಿಕೊಂಡು ಅಡುಗೆ ಮಾಡುತ್ತೇವೆ. ಅಲ್ಲಿ ಹೇಳುವ ಡಿಗ್ರಿ, ನಿಮಿಷ ಎಲ್ಲ ಯಾವುದೋ ಊರಿನ, ಯಾವುದೋ ಮನೆಯ ಲೆಕ್ಕ. ನಮ್ಮ ಮನೆಯ ಬಿಸಿ ಎಷ್ಟು ಅಂತ ನಮಗೆ ಗೊತ್ತಿದ್ದರೆ ಆ ಲೆಕ್ಕವನ್ನು ನಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು.

ಕುದಿಯುವ ನೀರು ಮತ್ತು ಕುಕ್ಕರ್

ಎಸರು ಮರಳಿದ ಮೇಲೆ ಉರಿ ಎಷ್ಟೇ ಜೋರು ಮಾಡಿ, ನೀರು 97 ದಾಟುವುದಿಲ್ಲ. ಜಾಸ್ತಿ ಉರಿಸಿದ ಗ್ಯಾಸೆಲ್ಲ ಆವಿಯಾಗಿ ಕಿಟಕಿಯಿಂದ ಆಚೆ ಹೋಗುತ್ತದೆ. ಬೇಳೆ, ಆಲೂಗಡ್ಡೆ, ಹುರುಳಿಕಾಳು ಯಾವುದೇ ಇರಲಿ, ಒಂದು ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿ. ಬೇಯುವ ಹೊತ್ತು ಅಷ್ಟೇ ಇರುತ್ತದೆ, ಗ್ಯಾಸ್ ಉಳಿಯುತ್ತದೆ.

ಇಲ್ಲಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಕರಾವಳಿಗಿಂತ ಹೆಚ್ಚು ಹೊತ್ತು ಬೇಕು. ಅದಕ್ಕೇ ಕುಕ್ಕರ್. ಒಳಗೆ ಆವಿ ಕಟ್ಟಿಕೊಂಡು ಒತ್ತಡ ಏರಿದರೆ 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಮೇಲೆ ಕೂರಿಸುವ ವೆಯ್ಟಿನ ಕುಕ್ಕರ್ ಆದರೆ, ತೂತಿನಿಂದ ಆವಿ ಒಂದೇ ಸಮನೆ ಬುಸ್ ಅಂತ ಬರುವವರೆಗೆ ವೆಯ್ಟ್ ಹಾಕಬೇಡಿ. ಮೊದಲೇ ಹಾಕಿದರೆ ಒಳಗಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಳಿ ಸೇರಿದ ಆವಿಗೆ ಅಷ್ಟು ಬಿಸಿ ಬರುವುದಿಲ್ಲ, ಕೂಗಿದರೂ ಬೇಳೆ ಅರೆಬೆಂದಿರುತ್ತದೆ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ನನ್ನ ಪ್ರಕಾರ ಕೂಗು ಎಣಿಸುವುದಕ್ಕಿಂತ ನಿಮಿಷ ಎಣಿಸುವುದೇ ವಾಸಿ. ಜೋರು ಉರಿಯಲ್ಲಿ ನಾಲ್ಕು ಕೂಗು ಸುಮ್ನೆ ಬೇಗ ಬೇಗ ಬಂದುಬಿಡುತ್ತವೆ. ಬೇಳೆಗೆ ಬೇಕಾಗಿರುವುದು ಹೊತ್ತು.

ಪಾಕ

ಈ ಮೂರು ಡಿಗ್ರಿ ನಿಜವಾಗಿಯೂ ಕೆಲಸಕ್ಕೆ ಬರುವುದು ಪಾಕದಲ್ಲಿ. ನನ್ನ ತವರು ಪಾಂಡವಪುರದ ಕಡೆ. ಅಲ್ಲಿ ಆಲೆಮನೆಯಲ್ಲಿ ಬೆಲ್ಲ ಇಳಿಸುವವರ ಹತ್ತಿರ ಯಾವ ಥರ್ಮಾಮೀಟರೂ ಇರಲಿಲ್ಲ. ಕೊಪ್ಪರಿಗೆಯಿಂದ ಒಂದು ಹನಿ ಪಾಕ ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉರುಟಿ ನೋಡುತ್ತಿದ್ದರು. ಉಂಡೆಯಾಗಿ ನಿಂತರೆ ಕೊಪ್ಪರಿಗೆ ಇಳಿಸುವುದು, ಇಲ್ಲದಿದ್ದರೆ ಇನ್ನಷ್ಟು ಕಾಯಿಸುವುದು. ನೀರು ಆರುತ್ತಾ ಹೋದ ಹಾಗೆ ಪಾಕದ ಕುದಿಯುವ ಬಿಸಿ ಏರುತ್ತದೆ. ಅಂದರೆ ಪಾಕದ ಡಿಗ್ರಿ ನೋಡಿದರೆ ಅದರಲ್ಲಿ ಇನ್ನೂ ಎಷ್ಟು ನೀರಿದೆ ಅನ್ನುವುದು ಗೊತ್ತಾಗುತ್ತದೆ. ಹೊರಗಿನ ಗಾಳಿಯ ಒತ್ತಡ ಕಡಿಮೆಯಿದ್ದರೆ ಆ ಡಿಗ್ರಿಗಳೂ ಕೆಳಗಿಳಿಯುತ್ತವೆ.

ಹಾಗಾಗಿ ಪುಸ್ತಕದಲ್ಲೋ ವಿಡಿಯೋದಲ್ಲೋ ಮೆತ್ತನೆ ಉಂಡೆ ಪಾಕಕ್ಕೆ 112ರಿಂದ 116 ಅಂತ ಇದ್ದರೆ, ನಾವು ಮೈಸೂರಿನಲ್ಲಿ 110ರಿಂದ 113ಕ್ಕೆ ಇಳಿಸಬೇಕು. ಕಡಲೆಕಾಯಿ ಚಿಕ್ಕಿಗೆ 146 ಮೇಲೆ ಅಂದರೆ ಇಲ್ಲಿ 143ಕ್ಕೇ ತಣ್ಣೀರಿನ ಹನಿ ಟಣ್ ಅಂತ ಮುರಿಯುತ್ತದೆ. ಪುಸ್ತಕದ ಲೆಕ್ಕ ಕಾಯುತ್ತಾ ಕೂತರೆ ಉಂಡೆ ಕಲ್ಲಾಗುತ್ತದೆ. ಬೆಲ್ಲದಲ್ಲಿ ಮಾಡುವಾಗ ಡಿಗ್ರಿಯ ಜೊತೆ ತಣ್ಣೀರಿನ ಬಟ್ಟಲನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಒಂದೊಂದು ಬೆಲ್ಲ ಒಂದೊಂದು ಥರ, ಎಲ್ಲದಕ್ಕೂ ಒಂದೇ ಲೆಕ್ಕ ಕೂರುವುದಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮಾತ್ರ ನಾನು ಥರ್ಮಾಮೀಟರ್ ಮುಟ್ಟುವುದಿಲ್ಲ, ಕಣ್ಣೇ ಸಾಕು. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ. ನೆನೆದ ಮರಕ್ಕೆ ಪಾಕ ಅಂಟುವುದಿಲ್ಲ. ಬೆಳಿಗ್ಗೆ ನೀರು ಒರೆಸಿ, ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸಕ್ಕರೆ ಕರಗಿಸಿ, ಸ್ವಲ್ಪ ಹಾಲು ಹಾಕಿ ಕುದಿಸಿದರೆ ಕೊಳೆ ಮೇಲೆ ತೇಲುತ್ತದೆ. ಬಿಳಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಇಷ್ಟಾದ ಮೇಲೆ ಪಾಕವನ್ನೆಲ್ಲ ಒಟ್ಟಿಗೆ ಕಾಯಿಸಲೇಬೇಡಿ. ಒಂದು ಸೌಟಿನಷ್ಟು ಮಾತ್ರ ಚಿಕ್ಕ ಬಾಣಲೆಗೆ ಹಾಕಿ ಕುದಿಸಿ. ಗುಳ್ಳೆಗಳು ಮೊದಲು ದೊಡ್ಡದಾಗಿ ಸಡಿಲವಾಗಿ ಬರುತ್ತವೆ, ಆಮೇಲೆ ಸಣ್ಣಗೆ ಒತ್ತೊತ್ತಾಗುತ್ತವೆ. ಬಾಣಲೆಯ ಅಂಚಿನಲ್ಲಿ ಬೆಳ್ಳನೆ ಗೆರೆ ಕಾಣಿಸಿತು ಅಂದರೆ ಒಲೆಯಿಂದ ಇಳಿಸಿ ಸೌಟಿನಲ್ಲಿ ಬಿರಬಿರನೆ ತಿರುವಿ. ತಿಳಿಯಾಗಿದ್ದ ಪಾಕ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗಲೇ ಅಚ್ಚಿಗೆ ಹುಯ್ಯಬೇಕು. ತಡಮಾಡಿದರೆ ಬಾಣಲೆಯಲ್ಲೇ ಗಟ್ಟಿ. ಅವಸರ ಮಾಡಿದರೆ ಅಚ್ಚಿನ ಸಂದಿಯಿಂದ ಸೋರುತ್ತದೆ, ಆನೆಗೆ ಸೊಂಡಿಲೇ ಬರುವುದಿಲ್ಲ. ಮಕ್ಕಳನ್ನು ಈ ಹೊತ್ತಿನಲ್ಲಿ ಅಡುಗೆಮನೆಯೊಳಗೆ ಬಿಡಬೇಡಿ. ಪಾಕ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಕುದಿಯುವ ನೀರಿಗಿಂತ ಕೆಟ್ಟದು.

ಮೈಸೂರು ಪಾಕಿನಲ್ಲೂ ಬಿಸಿಯದೇ ಕೆಲಸ. ಒಂದೆಳೆ ಪಾಕಕ್ಕೆ ಕಡಲೆಹಿಟ್ಟು ಹಾಕಿದ ಮೇಲೆ ಹುಯ್ಯುವ ತುಪ್ಪ ಸುಡುಸುಡು ಇರಬೇಕು. ಪಕ್ಕದ ಒಲೆಯಲ್ಲಿ ಸಣ್ಣ ಉರಿಯ ಮೇಲೆ ಇಟ್ಟುಕೊಂಡೇ ಸೌಟು ಸೌಟು ಹಾಕಿ. ಪ್ರತಿ ಸೌಟಿಗೂ ಸುರ್ ಅಂತ ನೊರೆ ಏಳಬೇಕು. ಆ ನೊರೆಯಿಂದಲೇ ಒಳಗೆ ಗೂಡು ಗೂಡಾಗುವುದು. ಆರಿದ ತುಪ್ಪ ಹುಯ್ದರೆ ಗೂಡಿಲ್ಲದೆ ಗಚ್ಚಗೆ ಕೂರುತ್ತದೆ.

ಮೊಸರು, ದೋಸೆಹಿಟ್ಟು

ಮೊಸರಿಗೆ ಹೆಪ್ಪು ಹಾಕುವಾಗ ಹಾಲು 40ರಿಂದ 45 ಡಿಗ್ರಿ ಇದ್ದರೆ ಸರಿ. ಚಳಿಗಾಲದಲ್ಲಿ 45ರ ಕಡೆ, ಏಪ್ರಿಲ್ ಬೇಸಿಗೆಯಲ್ಲಿ 40 ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಚೆನ್ನಾಗಿ ತೊಳೆದ ಕಿರುಬೆರಳು ಅದ್ದಿ. ಹತ್ತು ಎಣಿಸುವವರೆಗೆ ಬೆರಳು ಹಿತವಾಗಿ ಇರಬೇಕು, ಚುರುಕ್ ಅನ್ನಬಾರದು. ಐವತ್ತು ದಾಟಿದ ಹಾಲಿಗೆ ಹಾಕಿದರೆ ಹೆಪ್ಪಿನ ಜೀವ ಹೋಗುತ್ತದೆ. ತೀರಾ ತಣ್ಣಗಿದ್ದರೆ ರಾತ್ರಿಯೆಲ್ಲ ಇಟ್ಟರೂ ಗಟ್ಟಿಯಾಗುವುದಿಲ್ಲ, ಕೆಲವು ಸಲ ಲೋಳೆಲೋಳೆ ಆಗುತ್ತದೆ. ಅರ್ಧ ಲೀಟರಿಗೆ ಬೇಸಿಗೆಯಲ್ಲಿ ಅರ್ಧ ಚಮಚ ಹೆಪ್ಪು, ಡಿಸೆಂಬರ್‌ನಲ್ಲಿ ಒಂದು ಚಮಚ. ನಮ್ಮತ್ತೆಯವರು ಚಳಿಗಾಲದಲ್ಲಿ ಮೊಸರಿನ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಡುತ್ತಿದ್ದರು. ಅಕ್ಕಿ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ನಾನು ಈಗಲೂ ಹಾಗೇ ಮಾಡುತ್ತೇನೆ.

ಹಿಟ್ಟಿನ ವಿಷಯಕ್ಕೆ ಬಂದರೆ, 28ರಿಂದ 32 ಡಿಗ್ರಿ ಇದ್ದರೆ ರಾತ್ರಿ ಬೆಳಗಾಗುವುದರಲ್ಲಿ ಉಬ್ಬುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ರಾತ್ರಿ ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಹಿಟ್ಟಿಗೆ ಸಹಾಯ ಬೇಕೋ ಬೇಡವೋ ಅಂತ ತಿಳಿಯಲು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸೀಸೆ ನೋಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಸಂಜೆ ಹೊತ್ತಿಗೆ ಸೀಸೆಯಲ್ಲಿ ಬೆಳ್ಳಗೆ ಕಟ್ಟಿದೆ ಅಂದರೆ ಹಿಟ್ಟು ತಾನಾಗಿ ಉಬ್ಬುವುದಿಲ್ಲ. ಆಗ ರುಬ್ಬುವಾಗಲೇ ಬೆಚ್ಚಗಿನ ನೀರು ಬಳಸಿ. ದೊಡ್ಡ ಪಾತ್ರೆಗೆ ಕೈ ತಡೆಯುವಷ್ಟು ಬಿಸಿಯ ನೀರು ಹುಯ್ದು, ಅದರೊಳಗೆ ಹಿಟ್ಟಿನ ಪಾತ್ರೆ ಕೂರಿಸಿ, ಮೇಲೆ ತಟ್ಟೆ ಮುಚ್ಚಿ, ಹಳೇ ಕಂಬಳಿ ಹೊದಿಸಿ. ಮಲಗುವ ಮುಂಚೆ ನೀರು ಒಂದು ಸಲ ಬದಲಿಸಿದರೆ ಇನ್ನೂ ಒಳ್ಳೆಯದು.

ಬೇಸಿಗೆಯಲ್ಲಿ ಇದೆಲ್ಲ ತಿರುಗುಮುರುಗು. ಮಿಕ್ಸಿಯಲ್ಲಿ ರುಬ್ಬಿದರೆ ಹಿಟ್ಟು ಅಲ್ಲೇ ಬಿಸಿಯಾಗಿಬಿಡುತ್ತದೆ. ಫ್ರಿಜ್ಜಿನ ನೀರು ಹಾಕಿ, ಬಿಟ್ಟು ಬಿಟ್ಟು ರುಬ್ಬಿ. ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆ ಹೊತ್ತಿಗೆ ಹುಳಿಯಾಗುವುದರಿಂದ ರಾತ್ರಿ ತಡವಾಗಿ ರುಬ್ಬಿ, ಇಲ್ಲವೇ ಉಬ್ಬಿದ ತಕ್ಷಣ ಫ್ರಿಜ್ಜಿಗೆ ಇಡಿ.

ಕಾವಲಿ ಮತ್ತು ಎಣ್ಣೆ

ಕಬ್ಬಿಣದ ಕಾವಲಿ ಕಾದಿದೆಯೋ ಇಲ್ಲವೋ ಅಂತ ನೀರು ಚಿಮುಕಿಸಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ನೀರು ಏನು ಮಾಡುತ್ತದೆ ಅಂತ ಗಮನಿಸಬೇಕು. ಹನಿ ಅಲ್ಲೇ ಕೂತು ನಿಧಾನಕ್ಕೆ ಗುಳ್ಳೆ ಬಿಟ್ಟರೆ ಇನ್ನೂ ಕಾದಿಲ್ಲ. ಚುಯ್ ಅಂತ ಕೂಡಲೇ ಆರಿದರೆ ಹದ ಬಂದಿದೆ. ಹನಿ ಮುತ್ತಿನ ಹಾಗೆ ಉರುಳಾಡಿದರೆ ಕಾವಲಿ ವಿಪರೀತ ಕಾದಿದೆ. ಅಷ್ಟು ಬಿಸಿಯಲ್ಲಿ ಹನಿಯ ಕೆಳಗೆ ಆವಿಯ ಪದರ ಎದ್ದು ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಆಗ ಹಿಟ್ಟು ಹಾಕಿದರೆ ಸೌಟಿಗೇ ಅಂಟಿಕೊಂಡು ಬರುತ್ತದೆ, ಹರಡುವುದಿಲ್ಲ. ಇನ್ನಷ್ಟು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ಆಮೇಲೆ ಹಿಟ್ಟು ಹಾಕಿ. ಹರಡಿದ ಮೇಲೆ ಉರಿ ಜೋರು ಮಾಡಿ, ಗರಿಗರಿ ಬರುತ್ತದೆ. ಪ್ರತಿ ದೋಸೆಗೂ ಹೀಗೆಯೇ. ನಾನ್‌ಸ್ಟಿಕ್ ತವಾ ಆದರೆ ಖಾಲಿ ಇಟ್ಟು ಕಾಯಿಸಬಾರದು. 260 ಡಿಗ್ರಿ ದಾಟಿದರೆ ಅದರ ಲೇಪ ಕೆಟ್ಟು ಹೊಗೆ ಬರಲು ಶುರುವಾಗುತ್ತದೆ.

ಕರಿಯುವ ಎಣ್ಣೆಗೆ ಚಿಟಿಕೆ ಹಿಟ್ಟು ಬಿಟ್ಟು ನೋಡಿ. ತಳ ಮುಟ್ಟಿ ಅಲ್ಲೇ ಕೂತರೆ ಕಾದಿಲ್ಲ, ಮುಳುಗಿ ಮೇಲೆದ್ದು ಸುತ್ತಲೂ ಗುಳ್ಳೆ ಬಂದರೆ ಸರಿ, ಬಿದ್ದ ಕೂಡಲೇ ಕೆಂಪಾದರೆ ಉರಿ ಇಳಿಸಿ ಸ್ವಲ್ಪ ಕಾಯಿರಿ. ಮದ್ದೂರು ವಡೆಗೆ ಮಧ್ಯಮ ಉರಿಯೇ ಬೇಕು. ಅಕ್ಕಿಹಿಟ್ಟು, ರವೆ, ಮೈದಾದ ಜೊತೆ ಅಷ್ಟೊಂದು ಈರುಳ್ಳಿ ಇರುತ್ತದಲ್ವಾ, ಅದರ ನೀರು ಹೋಗಲು ಹೊತ್ತು ಬೇಕು. ಜೋರು ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹುಯ್ಯಲೇಬೇಡಿ, ಬಾಣಲೆ ಎತ್ತಿಕೊಂಡು ಓಡಲೂಬೇಡಿ. ಗ್ಯಾಸ್ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ಪೂರ್ತಿ ಆರುವವರೆಗೆ ತೆಗೆಯಬೇಡಿ.

ಉಳಿದ ಅನ್ನ, ಹುಳಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ. ಹುಳಿಯ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿದರೆ ಬೇಗ ಆರುತ್ತದೆ.

ಮನೆಯ ಸೆಕೆ

ನಾವಿರುವುದು ಸರಸ್ವತಿಪುರಂನಲ್ಲಿ, ಮೇಲಿನ ಮಹಡಿ, ತಲೆಯ ಮೇಲೆ ಬರೀ ಕಾಂಕ್ರೀಟು ತಾರಸಿ. ಮಾರ್ಚ್ ಬಂತೆಂದರೆ ಮಧ್ಯಾಹ್ನಕ್ಕಿಂತ ರಾತ್ರಿ ಎಂಟು ಗಂಟೆಗೇ ಸೆಕೆ ಜಾಸ್ತಿ. ಹಗಲೆಲ್ಲ ತಾರಸಿ ಕುಡಿದ ಬಿಸಿ ಒಳಗಿನ ಮುಖಕ್ಕೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಆದ್ದರಿಂದ ತಾರಸಿಗೆ ಬಿಸಿಲೇ ತಾಗದಂತೆ ಮಾಡುವುದು ಮೊದಲ ಕೆಲಸ.

ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ತಾರಸಿ ಗುಡಿಸಿ, ತೊಳೆದು, ಒಣಗಿಸಿ, ಸುಣ್ಣಕ್ಕೆ ಫೆವಿಕಾಲ್ ಥರದ ಅಂಟು ಬೆರೆಸಿ ಎರಡು ಕೋಟು ಬಳಿಯಿರಿ. ಕಣ್ಣಿಗೆ, ಕೈಗೆ ಸುಣ್ಣ ತಾಗದಂತೆ ನೋಡಿಕೊಳ್ಳಿ. ಮಳೆಗೆ ಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಖರ್ಚು ಮಾಡಬಲ್ಲವರಿಗೆ ಬಿಸಿಲು ತಡೆಯುವ ಬಿಳಿ ಪೇಂಟೇ ಸಿಗುತ್ತದೆ, ಅದು ಹೆಚ್ಚು ದಿನ ಬಾಳುತ್ತದೆ. ಇನ್ನೊಂದು ದಾರಿ ತೆಂಗಿನ ಗರಿಯ ಚಪ್ಪರ. ಮಂಡ್ಯದ ಕಡೆಯಿಂದ ಹೆಣೆದ ಗರಿ ತರಿಸಿಕೊಳ್ಳುವುದು ಕಷ್ಟವಲ್ಲ. ಗರಿಯನ್ನು ತಾರಸಿಯ ಮೇಲೇ ಹಾಸಬೇಡಿ, ಮೊಣಕಾಲೆತ್ತರವಾದರೂ ಎತ್ತಿ ಕಟ್ಟಿ, ನಡುವೆ ಗಾಳಿಯಾಡಲಿ. ಬೆಂಕಿಯ ಕಿಡಿ, ಪಟಾಕಿಯಿಂದ ದೂರವಿರಲಿ.

ಕಿಟಕಿಗೆ ನಾನು ಎರಡು ಗೋಡೆ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಒಂದು ಒಳಗೆ ನಡುಮನೆಯಲ್ಲಿ, ಇನ್ನೊಂದು ಹೊರಗೆ ಉತ್ತರದ ನೆರಳಿನ ಗೋಡೆಗೆ. ಹೊರಗಿನದು ಒಳಗಿನದಕ್ಕಿಂತ ಕಡಿಮೆ ಇದ್ದರೆ ಕಿಟಕಿ ತೆಗೆದಿರಬೇಕು. ಹೊರಗಿನದು ದಾಟಿತೋ, ಮುಚ್ಚಬೇಕು. ಏಪ್ರಿಲ್‌ನಲ್ಲಿ ನಮ್ಮನೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೇ ದಾಟುತ್ತದೆ. "ಗಾಳಿ ಬರಲಿ" ಅಂತ ಮಧ್ಯಾಹ್ನ ಕಿಟಕಿ ತೆರೆದಿಟ್ಟರೆ ಬರುವುದು ಬಿಸಿಗಾಳಿಯೇ. ಸಂಜೆ ಹೊರಗಿನದು ಇಳಿದ ಕೂಡಲೇ ಎದುರುಬದುರು ಕಿಟಕಿ ತೆಗೆಯಿರಿ. ಪಡುವಣ ಕಿಟಕಿಗೆ ಪರದೆ ಒಳಗಲ್ಲ, ಹೊರಗೆ ಇರಬೇಕು. ಗಾಜು ದಾಟಿ ಬಂದ ಬಿಸಿಲನ್ನು ಒಳಗಿನ ಪರದೆ ತಡೆದರೂ ಬಿಸಿ ಕೋಣೆಯಲ್ಲೇ ಉಳಿಯುತ್ತದೆ. ಬಿದಿರಿನ ತಟ್ಟಿಯನ್ನು ಗಾಜಿನ ಆಚೆ ಇಳಿಬಿಡಿ.

ಫ್ಯಾನು ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸಿ ನಮ್ಮ ಮೈ ತಣ್ಣಗೆ ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವುದು ದಂಡ. ಲಾವಂಚದ ತಟ್ಟಿ, ಏರ್ ಕೂಲರ್, ಮಣ್ಣಿನ ಮಡಕೆ, ಮೂರೂ ನೀರು ಆವಿಯಾಗುವಾಗ ಬಿಸಿ ಎಳೆದುಕೊಳ್ಳುವುದರಿಂದಲೇ ತಂಪು ಕೊಡುವುದು. ಮಾರ್ಚಿನ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಮಳೆ ಶುರುವಾಗಿ ಗಾಳಿ ತೇವವಾದ ಮೇಲೆ ಅಷ್ಟಕ್ಕಷ್ಟೇ. ಕೂಲರ್ ಹಾಕಿದಾಗ ಒಂದು ಕಿಟಕಿ ತೆರೆದಿರಲಿ, ಇಲ್ಲದಿದ್ದರೆ ತೇವ ಒಳಗೇ ತುಂಬಿ ಮೈ ಅಂಟಂಟು. ಮಡಕೆಯನ್ನು ಗಾಳಿಯಾಡುವ ಕಡೆ ಸಿಂಬಿಯ ಮೇಲೆ ಇಡಿ, ಬಣ್ಣ ಬಳಿದ ಮಡಕೆ ತರಬೇಡಿ. ಬಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಸ್ನಾನದ ನೀರು

ಮೈಗೆ ಹಿತವಾಗುವುದು 40 ಡಿಗ್ರಿಯ ಆಸುಪಾಸು, ಎಳೆಮಗುವಿಗೆ 37, 38. ಮಗುವಿನ ನೀರನ್ನು ಕೈಯಲ್ಲಿ ನೋಡಬೇಡಿ, ಅಡುಗೆ ಮಾಡುವ ಕೈ ಬಿಸಿಗೆ ಒಗ್ಗಿರುತ್ತದೆ. ಮೊಣಕೈ ಅದ್ದಿ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಕರೆಂಟ್ ಸಾಕು. 2 ಕಿಲೋವಾಟ್ ಗೀಸರಿಗೆ ಇಪ್ಪತ್ತು ನಿಮಿಷದ ಕೆಲಸ. ರಾತ್ರಿಯಿಡೀ ಹಾಕಿಟ್ಟುಕೊಳ್ಳಬೇಕಾಗಿಲ್ಲ. ಕಾಯಿಲ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಕೂರಿಸಲೇಬೇಡಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣ ತೆಗೆಯುತ್ತದೆ. ಹೊರಗೆ, ಗಾಳಿಯಾಡುವ ಕಡೆ ಕೂರಿಸಿ, ಪೈಪ್ ಒಳಗೆ ತನ್ನಿ.

ಸುಟ್ಟರೆ

ಬಿಸಿನೀರೋ ಪಾಕವೋ ಬಿದ್ದು ಸುಟ್ಟರೆ ಕೂಡಲೇ ನಲ್ಲಿಯ ಕೆಳಗೆ ಹಿಡಿಯಿರಿ. ಹರಿಯುವ ತಣ್ಣೀರು, ಪೂರಾ ಇಪ್ಪತ್ತು ನಿಮಿಷ. ಉರಿ ಕಡಿಮೆಯಾಯಿತು ಅಂತ ನಡುವೆ ತೆಗೆಯಬೇಡಿ, ಚರ್ಮದ ಒಳಗೆ ಇನ್ನೂ ಬಿಸಿ ಇರುತ್ತದೆ. ಐಸ್ ಇಡಬಾರದು. ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ, ಇಂಕು ಯಾವುದೂ ಬೇಡ. ಬಳೆ, ಉಂಗುರ ಊತ ಬರುವ ಮುಂಚೆಯೇ ತೆಗೆಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ. ಗುಳ್ಳೆ ಒಡೆಯಬೇಡಿ. ಸುಟ್ಟ ಜಾಗ ಅವರ ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೋ ಕೀಲಿಗೋ ತಾಗಿದ್ದರೆ, ಇಲ್ಲವೇ ಸುಟ್ಟಿದ್ದು ಮಗುವಿಗೋ ವಯಸ್ಸಾದವರಿಗೋ ಆದರೆ, ನೀರು ಹಿಡಿದಾದ ಮೇಲೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.